ಏಳನೇ ಪುಟ, ಎರಡು ಸಲ

ಮಾರ್ಚ್ ೩, ಸೋಮವಾರ

ಕೆಲಸ ಸಿಕ್ಕಿತು. ಈ ವರ್ಷದಲ್ಲಿ ಇದು ನಾಲ್ಕನೆಯದು. ವರ್ಷವೋ ಇನ್ನೂ ಮೂರನೇ ತಿಂಗಳಲ್ಲಿದೆ. ಔಷಧಿ ಅಂಗಡಿಯಲ್ಲಿ ಒಬ್ಬರಿಗೆ ‘ಈ ಟಾನಿಕ್ಕಿನಲ್ಲಿ ಸಕ್ಕರೆ ಬಿಟ್ರೆ ಏನೂ ಇಲ್ಲ’ ಎಂದೆ. ಬಟ್ಟೆ ಅಂಗಡಿಯಲ್ಲಿ ಒಬ್ಬರಿಗೆ ‘ಈ ಬಣ್ಣ ನಿಮಗೆ ಒಪ್ಪಲ್ಲ’ ಎಂದೆ. ಫೋನಿನಲ್ಲಿ ದೂರು ಕೇಳುವ ಕೆಲಸದಲ್ಲಿ ಒಬ್ಬರಿಗೆ ‘ನಿಮ್ಮ ದೂರು ಸರಿಯಾಗಿದೆ, ಆದ್ರೆ ಅದನ್ನ ಯಾರೂ ಓದಲ್ಲ’ ಎಂದೆ. ಮೂರೂ ನಿಜ. ಮೂರು ಕಡೆಯಿಂದಲೂ ಮನೆಗೆ ಕಳಿಸಿದರು.

ಈಗ ಸಿಕ್ಕಿದ್ದು ಪುಸ್ತಕ ಪ್ರಕಾಶನದಲ್ಲಿ. ಅದರ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಾರೆ, ಅವರ ಗಂಡನೂ ಸಹ.

“ಎಷ್ಟು ಓದಿದೀಯಾ?”

“ಒಂಬತ್ತನೇ ಕ್ಲಾಸಿಗೆ ಬಿಟ್ಟೆ.”

“ಯಾಕೆ?”

“ಮಾಡದ ತಪ್ಪಿಗೆ ಕ್ಷಮಾಪಣೆ ಪತ್ರ ಬರಿ ಅಂದ್ರು. ಬರೀಲಿಲ್ಲ.”

“ಏನು ತಪ್ಪು?”

“ಲ್ಯಾಬಲ್ಲಿ ಗಾಜಿನ ಜಾಡಿ ಒಡೀತು. ನಾನು ಒಡೆದಿರ್ಲಿಲ್ಲ. ಪಕ್ಕದಲ್ಲಿದ್ದೆ, ಅಷ್ಟೇ.”

ಮೇಡಂ ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಮ್ಮ ಲೇಖಕರೆಲ್ಲ ಹಾಗೇ ಅಂತಾರೆ. ನಾಳೆಯಿಂದ ಬಾ.”

ಮಾರ್ಚ್ ೪, ಮಂಗಳವಾರ

ಕೆಲಸ ಏನೆಂದರೆ ಸೂಚಿ ಮಾಡುವುದು. ಪುಸ್ತಕದ ಕೊನೆಯಲ್ಲಿ ಅಕಾರಾದಿಯಾಗಿ ಹೆಸರುಗಳನ್ನು ಜೋಡಿಸಿ, ಯಾರು ಯಾವ ಪುಟದಲ್ಲಿ ಬರುತ್ತಾರೆ ಎಂದು ಕೊಟ್ಟಿರುತ್ತಾರಲ್ಲ, ಅದು. ಇದನ್ನು ಒಬ್ಬರು ಕೂತು ಮಾಡಬೇಕು ಎಂದೇ ನನಗೆ ಗೊತ್ತಿರಲಿಲ್ಲ. ಕಲ್ಲಿನ ಮೇಲೆ ಪಾಚಿ ಬೆಳೆದ ಹಾಗೆ ಪುಸ್ತಕದ ಹಿಂದೆ ತಾನಾಗಿ ಬೆಳೆಯುತ್ತದೆ ಎಂದುಕೊಂಡಿದ್ದೆ.

ಒಂದು ಹೆಸರಿಗೆ ಒಂದು ಚೀಟಿ. ಚೀಟಿಗಳನ್ನು ಇಡಲು ಏಳು ಚಪ್ಪಲಿ ಡಬ್ಬಿಗಳು. ಅ ಇಂದ ಔ ವರೆಗಿನ ಡಬ್ಬಿ ಮೇಡಂ ಮದುವೆಯ ಚಪ್ಪಲಿಯದಂತೆ. “ಕಂಪ್ಯೂಟರ್ ಮಾಡಲ್ವಾ?” ಎಂದು ಕೇಳಿದೆ. ಎದುರು ಕೂತಿದ್ದ ಕರಡು ತಿದ್ದುವ ಯಜಮಾನರು ತಲೆ ಎತ್ತಿದರು. ಅವರ ಅಡ್ಡಹೆಸರು ಅಲ್ಪವಿರಾಮ. ಮೂರು ಪದಕ್ಕೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ.

“ಒಬ್ಬ ಲೇಖಕ ‘ಆ ಮಹಾನುಭಾವ’ ಅಂತಾನೆ, ಅಮ್ಮಾ. ಮುಂದಿನ ಪುಟದಲ್ಲಿ ‘ಮುದುಕ’ ಅಂತಾನೆ. ಅದರ ಮುಂದೆ, ಬರೀ ‘ಅವನು’. ಮೂರೂ ಒಬ್ಬರೇ ಅಂತ, ಕಂಪ್ಯೂಟರಿಗೆ, ಹೇಗೆ ಗೊತ್ತಾಗ್ಬೇಕು?”

ಮೂರೂ ಒಬ್ಬರೇ: ದೊಡ್ಡವರು. ನಮ್ಮನ್ನು ಹದಿನಾಲ್ಕು ವರ್ಷ ಆಳಿದವರು. ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಅವರ ಫೋಟೊ ಇದೆ. ಉಳಿದ ಅರ್ಧ ಮನೆಗಳಲ್ಲಿ ಫೋಟೊ ಇದ್ದ ಜಾಗದಲ್ಲಿ ಗೋಡೆ ಚೌಕಾಕಾರವಾಗಿ ಬೆಳ್ಳಗಿದೆ. ಎರಡು ವರ್ಷದ ಹಿಂದೆ ಸೋತು ಮನೆ ಸೇರಿದ ಮೇಲೆ ಅವರು ಬಾಯಿ ಬಿಟ್ಟಿಲ್ಲ. ಅವರ ಸುತ್ತ ಇದ್ದವರು ಬಾಯಿ ಮುಚ್ಚಿಲ್ಲ. ಈ ಪ್ರಕಾಶನ ಬದುಕಿರುವುದೇ ಆ ಸುತ್ತ ಇದ್ದವರಿಂದ.

“ಈ ಪುಸ್ತಕಗಳನ್ನ ಯಾರೂ ಮುಂದಿನಿಂದ ಓದಲ್ಲ” ಎಂದರು ಮೇಡಂ. “ಹಿಂದಿನಿಂದ ತೆಗೀತಾರೆ. ತಮ್ಮ ಹೆಸರಿದ್ರೆ ಕೊಳ್ತಾರೆ, ಇಲ್ದಿದ್ರೆ ಇದ್ದಲ್ಲೇ ಇಟ್ಟು ಹೋಗ್ತಾರೆ. ಅದಕ್ಕೇ ಒಬ್ಬರೂ ತಪ್ಪಬಾರದು. ಬಾಗಿಲು ತೆಗೆದವನೂ ಸೂಚಿಯಲ್ಲಿರ್ಬೇಕು.”

ಅರ್ಧ ಗಂಟೆ ಕೂತರೆ ನನ್ನ ಕಾಲು ತಾನಾಗಿ ಕುಣಿಯುತ್ತದೆ. ಇವತ್ತು ಹನ್ನೊಂದು ಸಲ ನೀರು ಕುಡಿಯಲು ಎದ್ದೆ.

ಮಾರ್ಚ್ ೭, ಶುಕ್ರವಾರ

ಇದು ನನಗಾಗಿ ಬರೆಯುತ್ತಿರುವುದು, ಹಾಗಾಗಿ ನಿಜ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಸೇರಿದ್ದು ಅಪ್ಪನಿಗೋಸ್ಕರ.

ಅಪ್ಪ ದೊಡ್ಡವರ ಕಚೇರಿಯಲ್ಲಿ ಬೆರಳಚ್ಚುಗಾರನಾಗಿದ್ದ. ಭಾಷಣಗಳನ್ನೆಲ್ಲ ಅವನೇ ಟೈಪ್ ಮಾಡುತ್ತಿದ್ದ. ಹನ್ನೆರಡು ವರ್ಷದ ಹಿಂದೆ ದೊಡ್ಡವರು ಮೈದಾನದಲ್ಲಿ ನಿಂತು, ದೇಶವೆಲ್ಲ ಟೀವಿಯಲ್ಲಿ ನೋಡುತ್ತಿದ್ದಾಗ, ಏಳನೇ ಪುಟವನ್ನು ಎರಡು ಸಲ ಓದಿಬಿಟ್ಟರು. ಆ ಪುಟದಲ್ಲಿದ್ದದ್ದು: “ಒಮ್ಮೆ ಆದ ತಪ್ಪು ನನ್ನ ಸರ್ಕಾರದಲ್ಲಿ ಮತ್ತೊಮ್ಮೆ ಆಗದು!” ಜನ ಎರಡು ಸಲವೂ ಚಪ್ಪಾಳೆ ತಟ್ಟಿದರು. ಮರುದಿನ ದೇಶವೆಲ್ಲ ನಕ್ಕಿತು. ಮೂರನೇ ದಿನ ಅಪ್ಪನ ಕೆಲಸ ಹೋಯಿತು.

ಆಮೇಲಿಂದ ಅಪ್ಪ ನೋಂದಣಿ ಕಚೇರಿಯ ಎದುರು ಬೆಂಚು ಹಾಕಿಕೊಂಡು ಅರ್ಜಿ ಟೈಪ್ ಮಾಡುತ್ತಾನೆ. ಶಾಲೆಯಲ್ಲಿ ನನ್ನನ್ನು ‘ಎರಡು ಸಲ’ ಎಂದು ಕರೆಯುತ್ತಿದ್ದರು. ಹಾಜರಿ ಹಾಕುವಾಗ ಹಿಂದಿನ ಬೆಂಚಿನಿಂದ ಯಾರಾದರೂ ನನ್ನ ಹೆಸರನ್ನು ಎರಡು ಸಲ ಕೂಗುತ್ತಿದ್ದರು.

“ನಮ್ಮನೆಯವರು ಅಂಥ ತಪ್ಪು ಮಾಡೋರಲ್ಲ” ಎಂದು ಅಮ್ಮ ಹನ್ನೆರಡು ವರ್ಷದಿಂದ ಹೇಳುತ್ತಲೇ ಇದ್ದಾಳೆ, ನಲ್ಲಿಯ ಹತ್ತಿರ, ಬಸ್ಸಿನಲ್ಲಿ, ಕೇಳದವರಿಗೂ. ಅಪ್ಪ ಹೇಳುವುದು ಒಂದೇ ಮಾತು: “ಪ್ರತಿ ಪುಟಕ್ಕೂ ನಂಬರ್ ಹಾಕಿದ್ದೆ.”

ಒಳಗಿದ್ದವರೆಲ್ಲ ಈಗ ಬರೆಯುತ್ತಿದ್ದಾರೆ. ಯಾರಾದರೊಬ್ಬರು ನಿಜ ಬರೆದೇ ಬರೆಯುತ್ತಾರೆ. ಅದನ್ನು ಮೊದಲು ನಾನು ನೋಡಬೇಕು.

ಮಾರ್ಚ್ ೧೨, ಬುಧವಾರ

ಹೋದ ವರ್ಷ ನಮ್ಮಲ್ಲೇ ಬಂದ ಆಪ್ತ ಕಾರ್ಯದರ್ಶಿಯ ಪುಸ್ತಕವನ್ನು ಓದಿ ಮುಗಿಸಿದೆ. ರಟ್ಟು ಹರಿದ ಪ್ರತಿ, ಮೇಡಂ ಮನೆಗೆ ತೆಗೆದುಕೊಂಡು ಹೋಗು ಎಂದರು.

ಪ್ರತಿ ಅಧ್ಯಾಯದ ಕೊನೆಯಲ್ಲಿ ಕಾರ್ಯದರ್ಶಿ ಉದ್ದನೆಯ ಪಡಸಾಲೆಯಲ್ಲಿ ಒಬ್ಬನೇ ನಡೆದು ಹೋಗುತ್ತಾನೆ, ಭಾರವಾದ ಮನಸ್ಸಿನಿಂದ. ಇಪ್ಪತ್ತೆರಡು ಅಧ್ಯಾಯ, ಇಪ್ಪತ್ತೆರಡು ಸಲ. ಪಡಸಾಲೆ ಸವೆದು ಹೋಗಿರಬೇಕು. ಊರೆಲ್ಲ ಬಾಗಿಲು ಹಾಕಿಸಿ ಜನರನ್ನು ಜೈಲಿಗೆ ತಳ್ಳಿದ ಆ ನಲವತ್ತು ದಿನ ಇದೆಯಲ್ಲ, ಅದನ್ನು ಯಾರು ಶುರು ಮಾಡಿದ್ದು ಎಂದು ತಿಳಿಯಲಿಕ್ಕೇ ಜನ ಈ ಪುಸ್ತಕ ಕೊಂಡಿದ್ದು. ಅದಕ್ಕೆ ಅರ್ಧ ಪುಟ. “ನಾನು ಮೊದಲೇ ಎಚ್ಚರಿಸಿದ್ದೆ” ಎಂಬಲ್ಲಿಗೆ ಮುಗಿಯಿತು. ದೊಡ್ಡವರು ಬೆಳಗ್ಗೆ ಹಲ್ಲುಜ್ಜುವ ವಿಧಾನಕ್ಕೆ ನಾಲ್ಕು ಪುಟ.

ಏಳನೇ ಪುಟದ ವಿಷಯ ೧೯೦ನೇ ಪುಟದಲ್ಲಿದೆ. ಅದು ಮಾಧ್ಯಮ ಸಲಹೆಗಾರನ ಪಿತೂರಿಯಂತೆ. ಗಮನಿಸಿದ್ದು ಕಾರ್ಯದರ್ಶಿ ಒಬ್ಬನೇ ಅಂತೆ. ಕೆಮ್ಮಿ ಸೂಚನೆ ಕೊಟ್ಟನಂತೆ.

ಅಪ್ಪ ಪುಸ್ತಕವನ್ನು ಹಿಂದಿನಿಂದ ತೆರೆದ. ಬೆರಳು ಬ ಅಕ್ಷರದ ಹತ್ತಿರ ಹೋಗಿ ನಿಂತಿತು. ಭಾಷಣ ಹುಡುಕುತ್ತಿದ್ದ ಎಂದು ಕಾಣುತ್ತದೆ. ಮುಚ್ಚಿ ಟೈಪ್‌ರೈಟರಿನ ಪಕ್ಕ ಇಟ್ಟ.

“ಏನಾದ್ರೂ ಇದೆಯಾಪ್ಪ?”

“ಕೆಮ್ಮಿದ್ದು ನಿಜ. ಅವನಿಗೆ ಯಾವಾಗ್ಲೂ ಕೆಮ್ಮು.”

ಮಾರ್ಚ್ ೨೦, ಗುರುವಾರ

ಡಾಕ್ಟರ ಪುಸ್ತಕಕ್ಕೆ ಸೂಚಿ ಮಾಡುತ್ತಿದ್ದೇನೆ. ದೊಡ್ಡವರ ಖಾಸಗಿ ವೈದ್ಯರು. ಇವರಾದರೂ ಮೈ ಬಿಚ್ಚಿ ನೋಡಿದವರು, ಮನಸ್ಸನ್ನೂ ಬಿಚ್ಚಿರುತ್ತಾರೆ ಎಂದುಕೊಂಡೆ. ಬಿಚ್ಚಿದ್ದು ಬರೀ ಕಾಲುಚೀಲ. ಎಡಗಾಲಿನ ಹೆಬ್ಬೆರಳಿಗೆ ಒಂದು ಅಧ್ಯಾಯ ಇದೆ. ‘ಹೆಬ್ಬೆರಳು, ಎಡ’ ಎಂದು ಚೀಟಿ ಮಾಡಿದೆ, ಹದಿನೇಳು ಪುಟಸಂಖ್ಯೆ. ಗೃಹಮಂತ್ರಿಗೇ ಆರು.

ನಲವತ್ತು ದಿನಗಳಲ್ಲಿ ರಕ್ತದೊತ್ತಡ ಚೆನ್ನಾಗಿತ್ತಂತೆ. ಅಷ್ಟೇ.

ಏಳನೇ ಪುಟ: ನಿದ್ದೆ ಮಾತ್ರೆ ಬೇಡ ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ, ದೊಡ್ಡವರು ಕೇಳಲಿಲ್ಲವಂತೆ, ಅದರ ಪರಿಣಾಮವಂತೆ. ಆದರೆ ನಡುವೆ ಒಂದು ಸಾಲು ಇದೆ: “ಕಾರಿನಲ್ಲಿ ಕಾರ್ಯದರ್ಶಿ ಭಾಷಣದ ಹಾಳೆಗಳನ್ನು ತೊಡೆಯ ಮೇಲೆ ಹರಡಿಕೊಂಡಿದ್ದ.”

ಇದನ್ನು ಬೇರೆ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡೆ.

ಮಾರ್ಚ್ ೨೨, ಶನಿವಾರ

‘ಹ’ ಅಕ್ಷರದ ಚೀಟಿಗಳು ಮುಗಿದವು. ಬೇರೇನಿಲ್ಲ.

ಏಪ್ರಿಲ್ ೨, ಬುಧವಾರ

ಡಾಕ್ಟರ ಪುಸ್ತಕ ಇವತ್ತು ಕಚೇರಿಯ ಕೆಳಗಿರುವ ನಮ್ಮ ಪುಸ್ತಕದಂಗಡಿಗೆ ಬಂತು. ಮೇಡಂ ಹೇಳಿದ್ದನ್ನು ಕಣ್ಣಾರೆ ನೋಡಿದೆ. ಬಿಳಿ ಷರಟಿನ ಒಬ್ಬರು ಬಂದರು, ಹಿಂದಿನಿಂದ ತೆರೆದರು, ಬೆರಳಾಡಿಸಿದರು, ಮುಖ ಅರಳಿತು, ಪುಟ ತಿರುವಿದರು, ಮುಖ ಬಾಡಿತು. “ಇದೇನ್ರೀ, ನಾನು ಆಸ್ಪತ್ರೆಗೆ ಹಣ್ಣು ತಂದಿದ್ದೆ ಅಂತ ಮಾತ್ರ ಬರೆದಿದಾರೆ!” ಆದರೂ ಎರಡು ಪ್ರತಿ ಕೊಂಡರು.

ವಿಮರ್ಶೆಗೆ ಮೊದಲೇ ಪ್ರತಿ ಕಳಿಸಿದ್ದರಿಂದ, ಹೆಬ್ಬೆರಳಿಗೆ ಹದಿನೇಳು ಪುಟ ಕೊಟ್ಟದ್ದು ಆಗಲೇ ಪತ್ರಿಕೆಯಲ್ಲಿ ಬಂದು ಎಲ್ಲರೂ ನಗುತ್ತಿದ್ದಾರೆ. ಮೇಡಂಗೆ ಖುಷಿ. ಇಂಥ ಪುಸ್ತಕಕ್ಕೆ ಹೀಗೇ ಆಗುತ್ತದೆ ಎಂದು ನಾನು ಮೊದಲೇ ಹೇಳಿದ್ದೆ. ಈ ಕಚೇರಿಯಲ್ಲಿ ಪುಸ್ತಕವನ್ನು ನಿಜವಾಗಿ ಓದುವವಳು ನಾನೊಬ್ಬಳೇ.

ಅಪ್ಪ ಇವತ್ತೂ ಹಿಂದಿನಿಂದ ತೆರೆದ. ಮತ್ತೆ ಬ ಹತ್ತಿರ ನಿಂತ. “ನಿದ್ದೆ ಮಾತ್ರೆ!” ಎಂದ. ಅವನ ದನಿಯಲ್ಲಿ ಏನೋ ಕಳೆದುಕೊಂಡವನ ಬೇಸರ ಇತ್ತು. ಪಾಪ, ಮತ್ತೊಂದು ಪುಸ್ತಕವೂ ಅವನನ್ನು ಬಿಡುಗಡೆ ಮಾಡಲಿಲ್ಲ.

ಏಪ್ರಿಲ್ ೭, ಸೋಮವಾರ

ಮೂರನೆಯದು ಬಂತು. ಮಾಧ್ಯಮ ಸಲಹೆಗಾರನದು, ನಾಲ್ಕು ನೂರು ಪುಟ. ಪ್ರತಿ ಪುಟದಲ್ಲೂ ದೊಡ್ಡವರು ಇವನ ಕಡೆ ತಿರುಗಿ “ನೀನೇ ಹೇಳು” ಎನ್ನುತ್ತಾರೆ, ಇವನು ಹೇಳುತ್ತಾನೆ. ನಲವತ್ತು ದಿನಗಳ ವಿಷಯದಲ್ಲಿ ಮಾತ್ರ ದೊಡ್ಡವರು ಇವನನ್ನು ಕೇಳಲಿಲ್ಲವಂತೆ. ಅಂದರೆ ಕಾರ್ಯದರ್ಶಿ ಎಚ್ಚರಿಸಿದ್ದ, ಡಾಕ್ಟರು ಒತ್ತಡ ನೋಡುತ್ತಿದ್ದರು, ಸಲಹೆಗಾರನನ್ನು ಕೇಳಲಿಲ್ಲ. ಹಾಗಾದರೆ ಆ ನಲವತ್ತು ದಿನವನ್ನು ದೇಶಕ್ಕೆ ತಂದು ಹಾಕಿದವರು ಯಾರು? ಅಂಚೆಯವನೇ?

“ನಿರಾಸೆ ಆಯ್ತಾ, ಅಮ್ಮಾ?” ಎಂದರು ಅಲ್ಪವಿರಾಮ.

“ಇಷ್ಟು ಜನ ಒಳಗಿದ್ರು. ಒಬ್ಬರಿಗೂ ಏನೂ ಕಾಣಿಸ್ಲಿಲ್ವಾ ಸಾರ್?”

“ಕಾಣಿಸಿದೆ. ಎಲ್ಲರ ಎದುರಿಗೂ, ಒಂದೊಂದು, ಕನ್ನಡಿ ಇತ್ತು.”

ಏಳನೇ ಪುಟವನ್ನು ಎರಡು ಸಲ ಓದಿಸಿದ್ದು ಸಲಹೆಗಾರನ ತಂತ್ರವಂತೆ! ‘ಮುಖ್ಯ ಮಾತನ್ನು ಮರುಕಳಿಸುವುದು’ ಎಂದು ಅದಕ್ಕೆ ಹೆಸರು ಬೇರೆ ಕೊಟ್ಟಿದ್ದಾನೆ. ಆದರೆ ೧೪೩ನೇ ಪುಟದಲ್ಲಿ: “ಹಾಳೆಗಳ ಕಡತ ಎಂದಿನಂತೆ ಕಾರ್ಯದರ್ಶಿಯ ಕೈಯಲ್ಲಿತ್ತು.”

ಜೇಬಿನ ಚೀಟಿಯನ್ನು ತೆಗೆದು ಇದರ ಪಕ್ಕ ಇಟ್ಟೆ. ಕಾರಿನಲ್ಲಿ ಹರಡಿಕೊಂಡಿದ್ದವನು ಅವನು. ಕೈಯಲ್ಲಿ ಹಿಡಿದಿದ್ದವನು ಅವನು. ಸಿಕ್ಕಿಬಿದ್ದ.

ಏಪ್ರಿಲ್ ೧೦, ಗುರುವಾರ

ಬೆಳಗ್ಗೆಯಿಂದ ಎದ್ದಿಲ್ಲ. ನೀರು ಕುಡಿಯಲು ಮರೆತೇ ಹೋಗಿತ್ತು. ಸೂಚಿ ಮುಗಿಸಿದೆ. ‘ಆಪ್ತ ಕಾರ್ಯದರ್ಶಿ’ಯ ಕೆಳಗೆ ಮೂರನೇ ಸಾಲು ಹೀಗಿದೆ:

ಏಳನೇ ಪುಟವನ್ನು ಎರಡು ಸಲ ಸೇರಿಸಿದ್ದು, ೧೪೩.

ಅಲ್ಪವಿರಾಮ ಪೆನ್ಸಿಲಿನ ತುದಿಯನ್ನು ಆ ಸಾಲಿನ ಮೇಲೆ ಇಟ್ಟರು. “ಇದು, ೧೪೩ರಲ್ಲಿ, ಇದೆಯಾ?”

“ಇದೆ ಸಾರ್.”

ಪುಟ ತೆಗೆದು ನೋಡಲಿಲ್ಲ. ನನ್ನ ಮುಖ ನೋಡಿ, ಟಿಕ್ ಹಾಕಿ, ಅಚ್ಚಿಗೆ ಕಳಿಸಿದರು. ನಾನು ಸುಳ್ಳು ಹೇಳುವವಳಲ್ಲ ಎಂದು ಅವರಿಗೆ ಗೊತ್ತು.

ಹೇಳಿದ್ದು ಸುಳ್ಳೂ ಅಲ್ಲ. ಅಕ್ಷರಕ್ಕೆ ಅಕ್ಷರ ಇಲ್ಲ, ನಿಜ. ಆದರೆ ಗೊತ್ತಿದ್ದವರು ಓದಿದರೆ ಇದೆ. ಗೊತ್ತಿರುವವಳು ನಾನೊಬ್ಬಳೇ, ಅಷ್ಟೇ ವ್ಯತ್ಯಾಸ.

ಏಪ್ರಿಲ್ ೧೩, ಭಾನುವಾರ

ಊಟವಾದ ಮೇಲೆ ಸೂಚಿಯ ಹಾಳೆಯನ್ನು ಅಪ್ಪನ ಮುಂದೆ ಹರಡಿದೆ. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಆ ಸಾಲನ್ನು ಗಟ್ಟಿಯಾಗಿ ಓದಿದೆ. ಅಮ್ಮ ಕುರ್ಚಿಗೆ ಕುಸಿದು, “ನಾನು ಹೇಳ್ಲಿಲ್ವಾ! ಹನ್ನೆರಡು ವರ್ಷದಿಂದ ಬಡ್ಕೊಂಡೆ!” ಎಂದು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು.

ಅಪ್ಪ ಹಾಳೆಯನ್ನು ತಿರುಗಿಸಿ ಮತ್ತೆ ಬ ಹತ್ತಿರ ಬೆರಳಿಟ್ಟ. ಆಮೇಲೆ ಕೇಳಿದ, “ಇದನ್ನ ಸಲಹೆಗಾರ ಬರೆದಿದಾನಾ?”

“ಅವನು ಬರೆದಿಲ್ಲ. ನಾನು ಕಂಡುಹಿಡಿದೆ.”

“ಹೇಗೆ?”

ಎರಡು ಚೀಟಿ ತೋರಿಸಿದೆ. ಕಾರು, ತೊಡೆ, ಕಡತ, ಕೈ. ಅಪ್ಪ ನಿಧಾನವಾಗಿ ಓದಿದ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಟೈಪ್‌ರೈಟರಿನ ಮುಸುಕನ್ನು ಸರಿಪಡಿಸಿದ, ಅದು ಸರಿಯಾಗಿಯೇ ಇತ್ತು.

“ನಾನೇ, ಮರಿ” ಎಂದ.

“ಏನು ನೀನೇ?”

“ಏಳನೇ ಪುಟದಲ್ಲಿ ಒಂದಕ್ಷರ ಮಸಿ ಹಿಡಿದಿತ್ತು. ಮತ್ತೆ ಟೈಪ್ ಮಾಡ್ದೆ. ಮೊದಲನೇದನ್ನ ಹರಿದು ಹಾಕ್ಬೇಕಿತ್ತು. ಗಂಟೆ ಹೊಡೀತು, ಕಾರ್ಯದರ್ಶಿ ಬಾಗಿಲಲ್ಲಿ ಕೂಗಾಡ್ತಿದ್ದ, ಎರಡನ್ನೂ ಸೇರಿಸಿ ಕೊಟ್ಬಿಟ್ಟೆ.”

“ಪ್ರತಿ ಪುಟಕ್ಕೂ ನಂಬರ್ ಹಾಕಿದ್ದೆ ಅಂತಿದ್ದೆ!”

“ಹಾಕಿದ್ದೆ. ಎರಡಕ್ಕೂ ಏಳು ಅಂತ.”

ಮೊದಲು ಬಾಯಿ ಬಂದದ್ದು ಅಮ್ಮನಿಗೆ. “ಹನ್ನೆರಡು ವರ್ಷ ನಿಮ್ಮ ಪರವಾಗಿ ಬೀದಿ ತುಂಬ ಜಗಳ ಆಡಿದೀನಿ ಕಣ್ರೀ! ಈಗ ಅದನ್ನ ವಾಪಸ್ ತಗೊಳ್ಳೋಕೆ ಯಾರ್ಯಾರ ಮನೆಗೆ ಹೋಗ್ಲಿ?”

“ಮೊದಲನೇ ದಿನವೇ ಹೇಳೋಣ ಅಂತಿದ್ದೆ. ನೀನು ಅಷ್ಟರಲ್ಲಿ ಪಕ್ಕದ ಮನೆಯವರ ಜೊತೆ ಶುರು ಮಾಡ್ಬಿಟ್ಟಿದ್ದೆ.”

ನಾನು ಕೇಳಿದೆ, “ಮತ್ತೆ ಪುಸ್ತಕದಲ್ಲಿ ಏನು ಹುಡುಕ್ತಿದ್ದೆ?”

“ಬೆರಳಚ್ಚುಗಾರ ಅಂತ ಇದೆಯಾ ಅಂತ. ಯಾರಾದ್ರೂ ಸರಿಯಾಗಿ ಬರೆದಿದ್ರೆ, ನಿಮ್ಮ ಮುಂದೆ ನಾನು ಬಾಯಿಬಿಟ್ಟು ಹೇಳೋದು ತಪ್ತಿತ್ತು. ಒಬ್ಬ ಪಿತೂರಿ ಅಂದ, ಒಬ್ಬ ಮಾತ್ರೆ ಅಂದ, ಇನ್ನೊಬ್ಬ ತಂತ್ರ ಅಂದ. ದೇಶದ ಇತಿಹಾಸದಲ್ಲಿ ನಾನು ಮಾಡಿದ್ದು ಒಂದೇ ಒಂದು ಕೆಲಸ. ಅದನ್ನೂ ಅವರವರಿಗೆ ಹಂಚ್ಕೊಂಡ್ರು.” ಹಾಳೆಯ ಕಡೆ ಕೈ ತೋರಿಸಿದ. “ಈಗ ನೀನೂ ಒಬ್ಬನಿಗೆ ಕೊಟ್ಟಿದೀಯ.”

ನನ್ನ ಕಾಲು ಕುಣಿಯಲು ಶುರುವಾಯಿತು. ಎದ್ದು ನೀರು ಕುಡಿದೆ.

ಏಪ್ರಿಲ್ ೧೪, ಸೋಮವಾರ

ಕಚೇರಿಗೆ ಓಡಿದೆ. ಮುದ್ರಣ ಶನಿವಾರವೇ ಮುಗಿದಿತ್ತು. ಒಂದು ಸಾವಿರದ ಇನ್ನೂರು ಪ್ರತಿಗಳು ರಟ್ಟು ಹಾಕಿಸಿಕೊಂಡು ಗೋಡೆಯ ಪಕ್ಕ ಎದೆಯೆತ್ತರಕ್ಕೆ ನಿಂತಿದ್ದವು.

ಮೇಡಂ ಕೋಣೆಗೆ ಹೋದೆ. ಅಲ್ಪವಿರಾಮ ಅಲ್ಲೇ ಇದ್ದರು. ದಾರಿಯಲ್ಲಿ ಏನೇನೋ ವಾಕ್ಯ ಜೋಡಿಸಿಕೊಂಡಿದ್ದೆ: ಸಾಕ್ಷ್ಯ ಹಾಗೆ ಕಾಣುತ್ತಿತ್ತು, ಲೇಖಕರೇ ಗೊಂದಲ ಮಾಡಿದ್ದಾರೆ, ಅಲ್ಪವಿರಾಮರೂ ನೋಡಿದ್ದರು. ಬಾಯಿ ತೆರೆದಾಗ ಅವು ಯಾವುವೂ ಬರಲಿಲ್ಲ.

“ಸೂಚಿಯಲ್ಲಿ ಒಂದು ಸಾಲು ಸುಳ್ಳು ಮೇಡಂ. ೧೪೩ರಲ್ಲಿ ಅದು ಇಲ್ಲ. ಸಾರ್ ಕೇಳಿದ್ರು, ಇದೆ ಅಂದೆ. ನನ್ನ ತಪ್ಪು.”

ಮೇಡಂ ಅಲ್ಪವಿರಾಮರ ಕಡೆ ತಿರುಗಿದರು. “ಈ ಕಟ್ಟಡದಲ್ಲಿ ಈ ಮಾತು ಹಿಂದೆ ಯಾವತ್ತಾದ್ರೂ ಕೇಳಿದ್ರಾ?”

“ಮೂವತ್ತೊಂದು ವರ್ಷದಲ್ಲಿ,” ಅಲ್ಪವಿರಾಮ ಉಸಿರು ತೆಗೆದುಕೊಂಡರು, “ಇಲ್ಲ.”

“ಹಾಗಾದ್ರೆ ಆ ಲ್ಯಾಬಿನ ಜಾಡಿನೂ ನೀನೇ ಒಡೆದದ್ದಾ?” ಎಂದರು ಮೇಡಂ.

“ಅದು ನಾನಲ್ಲ ಮೇಡಂ. ಇದು ನಾನು.”

ಎಲ್ಲವನ್ನೂ ಹೇಳಿದೆ, ಅಪ್ಪನ ಒಪ್ಪಿಗೆಯನ್ನು ಫೋನಿನಲ್ಲಿ ಕೇಳಿಕೊಂಡು. ನನ್ನನ್ನು ಮನೆಗೆ ಕಳಿಸುತ್ತಾರೆ ಎಂದುಕೊಂಡಿದ್ದೆ. ಮೇಡಂ ಸಲಹೆಗಾರನಿಗೆ ಫೋನು ಮಾಡಿ, ಪುಸ್ತಕದೊಳಗೆ ಒಂದು ತಿದ್ದುಪಡಿ ಚೀಟಿ ಅಂಟಿಸಬೇಕಾಗಿದೆ ಎಂದರು. ಅವನು ಕೇಳಿದ್ದು ಒಂದೇ: “ಸೂಚಿಯಲ್ಲಿ ಅತಿ ಹೆಚ್ಚು ಪುಟ ಇರೋದು ನನ್ನ ಹೆಸರಿಗೇ ತಾನೆ?” ಹೌದು ಎಂದರು. ಸರಿ ಎಂದ.

“ಸಾವಿರದ ಇನ್ನೂರಕ್ಕೂ ನೀನೇ ಅಂಟಿಸ್ಬೇಕು” ಎಂದರು ನನಗೆ. “ಕೂತ್ಕೊಂಡು.”

ಏಪ್ರಿಲ್ ೧೮, ಶುಕ್ರವಾರ

ಚೀಟಿಯ ಮೂಲ ಪ್ರತಿಯನ್ನು ಅಪ್ಪ ತನ್ನ ಯಂತ್ರದಲ್ಲೇ ಟೈಪ್ ಮಾಡಿಕೊಟ್ಟ. ಅದನ್ನು ಹಾಗೆಯೇ ಅಚ್ಚು ಹಾಕಿಸಿದ್ದಾರೆ:

ಪುಟ ೪೧೨. ‘ಆಪ್ತ ಕಾರ್ಯದರ್ಶಿ’ ಕೆಳಗಿನ ಮೂರನೇ ಸಾಲನ್ನು ಬಿಟ್ಟು ಓದಬೇಕು. ಅದು ಸೂಚಿ ಮಾಡಿದವಳ ತಪ್ಪು. ಪುಟ ೪೧೯ರಲ್ಲಿ ಹೀಗೆ ಸೇರಿಸಿಕೊಳ್ಳಬೇಕು: ಬೆರಳಚ್ಚುಗಾರ, ಏಳನೇ ಪುಟವನ್ನು ಎರಡು ಸಲ ಸೇರಿಸಿದವನು, ಪುಸ್ತಕದಲ್ಲಿ ಇಲ್ಲ.

ಅಪ್ಪ ಇವತ್ತು ಬೆಂಚಿಗೆ ರಜೆ ಹಾಕಿ ನನ್ನ ಜೊತೆ ಬಂದ. ಅವನನ್ನು ನೋಡಿ ಅಲ್ಪವಿರಾಮ ಎದ್ದು ನಿಂತರು. “ಆ ಭಾಷಣ, ನಾನೂ ಕೇಳಿದ್ದೆ. ಎರಡನೇ ಸಲ, ಇನ್ನೂ ಚೆನ್ನಾಗಿತ್ತು.” ಅಪ್ಪ ಹನ್ನೆರಡು ವರ್ಷದಲ್ಲಿ ಆ ವಿಷಯಕ್ಕೆ ನಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಕಿಟಕಿಯ ಹತ್ತಿರ ಮೇಜು ಹಾಕಿಕೊಂಡು ಎದುರುಬದುರು ಕೂತೆವು. ನಾನು ಪುಸ್ತಕ ತೆರೆದು ಗೋಂದು ಹಚ್ಚುವುದು, ಅವನು ಚೀಟಿ ಇಟ್ಟು ಹೆಬ್ಬೆರಳಿನಿಂದ ಒತ್ತುವುದು. ನೂರಕ್ಕೊಮ್ಮೆ ಕೆಲಸ ಅದಲು ಬದಲು. ಅಮ್ಮನ ಬಗ್ಗೆ ಕೇಳಿದೆ. ನಲ್ಲಿಯ ಹತ್ತಿರ ಮೂವರಿಗೆ ಆಗಲೇ ನಿಜ ಹೇಳಿದ್ದಾಳಂತೆ. ಆದರೆ ‘ಮಸಿ ಸರಿ ಇರ್ಲಿಲ್ಲ, ಅದು ಸರ್ಕಾರದ ಮಸಿ’ ಎಂದು ಕೊನೆಯಲ್ಲಿ ಸೇರಿಸಿಕೊಂಡಳಂತೆ.

ಸಂಜೆ ಐದಕ್ಕೆ ಗೋಡೆಯ ಪಕ್ಕದ ರಾಶಿ ಮುಗಿಯಿತು. ಮೇಡಂ ಬಂದು ಮೇಲಿನದೊಂದು ಪ್ರತಿಯನ್ನು ಎತ್ತಿ, ಎಲ್ಲರ ಹಾಗೆ ಹಿಂದಿನಿಂದ ತೆರೆದರು. ಸುಮ್ಮನೆ ನೋಡಿದರು. ನಮ್ಮ ಕಡೆ ತಿರುಗಿಸಿ ಹಿಡಿದರು.

ಒಂದೇ ಪುಟದಲ್ಲಿ, ಒಂದರ ಕೆಳಗೊಂದು, ನೆಟ್ಟಗೆ, ಎರಡು ಚೀಟಿ.

“ಯಾರ ಕೆಲಸ ಇದು?” ಎಂದರು ಮೇಡಂ.

“ನಾನೇ” ಎಂದ ಅಪ್ಪ.

“ಅಲ್ಲ ಮೇಡಂ, ನಾನೇ” ಎಂದೆ.